ಕೆಲಸದ ಜಾಗದಲ್ಲಿ ನೀರು ಬರುವುದು ನಿಂತಾಗ: ಯಾವುದನ್ನು ನಿಲ್ಲಿಸಬೇಕು, ಉಳಿದದ್ದನ್ನು ಹೇಗೆ ನಡೆಸಬೇಕು

ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಮಾತ್ರ ಬರುತ್ತದೆ. ಹೊರಗೆ ಗಿರಾಕಿಗಳು, ಒಳಗೆ ಹತ್ತು ಹನ್ನೆರಡು ಮಂದಿ ಕೆಲಸದವರು. ಇಂಥ ಹೊತ್ತಿನಲ್ಲಿ ಹೆಚ್ಚಿನ ಕಡೆ ಆಗುವುದು ಎರಡೇ ಕೆಲಸ: ಕುಡಿಯಲು ಕ್ಯಾನ್ ತರಿಸುತ್ತಾರೆ, ಬಾಗಿಲ ಬಳಿ ಸ್ಯಾನಿಟೈಸರ್ ಬಾಟಲಿ ಇಡುತ್ತಾರೆ. ಎರಡೂ ಬೇಕಾದವೇ. ಆದರೆ ಒಂದು ಪಾಳಿಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಶೌಚಾಲಯಕ್ಕೆ. ಅದರ ಲೆಕ್ಕ ಹಾಕದೆ ಬಾಗಿಲು ತೆರೆದಿಟ್ಟವರಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಮೂಗು ಮುಚ್ಚಿಕೊಳ್ಳುವ ಪರಿಸ್ಥಿತಿ ಬರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ದೇಶ ದೇಶಕ್ಕೆ ನಿಯಮದ ಮಾತು ಬೇರೆ, ತಿರುಳು ಒಂದೇ. ವ್ಯಾಪಾರ ಮತ್ತು ಕಚೇರಿಗಳ ನೈರ್ಮಲ್ಯದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1964ರಲ್ಲಿ ಮಾಡಿದ 120ನೇ ಒಪ್ಪಂದ ಮೂರನ್ನು ಕೇಳುತ್ತದೆ: ಕುಡಿಯಲು ಸಾಕಷ್ಟು ಒಳ್ಳೆಯ ನೀರು, ತೊಳೆದುಕೊಳ್ಳಲು ವ್ಯವಸ್ಥೆ, ಸುಸ್ಥಿತಿಯಲ್ಲಿರುವ ಶೌಚಾಲಯ. ಕೆಲಸದ ಸ್ಥಳಗಳ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಓಶಾ ಸಂಸ್ಥೆಯ 1910.141ನೇ ನಿಯಮ ಕೈ ತೊಳೆಯಲು ಹರಿಯುವ ನೀರೇ ಬೇಕು ಎನ್ನುತ್ತದೆ. ಬ್ರಿಟನ್ನಿನ 1992ರ ಕೆಲಸದ ಸ್ಥಳದ ನಿಯಮಾವಳಿ ‘ಸಾಧ್ಯವಿರುವ ಮಟ್ಟಿಗೆ ಹರಿಯುವ ನೀರು’ ಎಂದು ಸ್ವಲ್ಪ ಸಡಿಲ ಬಿಟ್ಟಿದೆ. ನೀರು ನಿಂತದ್ದು ನಿಮ್ಮ ತಪ್ಪಲ್ಲದೆ ಇರಬಹುದು, ಹಾಗೆಂದು ಈ ಮೂರರ ಹೊಣೆ ನಿಮ್ಮ ತಲೆಯಿಂದ ಇಳಿಯುವುದಿಲ್ಲ. ಮೂರರಲ್ಲಿ ಒಂದನ್ನು ಒದಗಿಸಲಾಗದಿದ್ದರೂ ಆ ಪಾಳಿಯನ್ನು ನಿಲ್ಲಿಸುವುದೇ ದಾರಿ. ನಿಮ್ಮ ಊರಿನ ಪರವಾನಗಿ ಷರತ್ತುಗಳು ಇದಕ್ಕಿಂತ ಬಿಗಿಯಾಗಿದ್ದರೆ ಅವನ್ನೇ ಪಾಲಿಸಿ.

ಮೊದಲ ಹದಿನೈದು ನಿಮಿಷ

ಈ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮಕ್ಕೆ ಕಾರಣವಿದೆ.

1. ಗೀಸರ್, ಕಾಫಿ ಯಂತ್ರ, ನೀರು ಕಾಯಿಸುವ ಯಾವುದೇ ಉಪಕರಣದ ಸ್ವಿಚ್ ಆರಿಸಿ. ಒಳಗಿನ ನೀರು ಖಾಲಿಯಾಗಿ ಕಾಯಿಲ್ ಗಾಳಿಗೆ ತೆರೆದುಕೊಂಡರೆ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ನೀರೆತ್ತುವ ಮೋಟಾರನ್ನೂ ಆರಿಸಿ. ಒಣ ಓಡಿದರೆ ಅದರ ಸೀಲ್ ಹೋಗುತ್ತದೆ.

2. ಬಕೆಟ್, ತೊಟ್ಟಿ, ಮಾಪ್ ನೀರು, ಕೆಮಿಕಲ್ ಡ್ರಮ್ಮಿನಲ್ಲಿ ಮುಳುಗಿರುವ ಪೈಪುಗಳನ್ನೆಲ್ಲ ಮೇಲಕ್ಕೆತ್ತಿ. ಮುಖ್ಯ ಕೊಳವೆಯಲ್ಲಿ ಒತ್ತಡ ಬಿದ್ದಾಗ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸ್ಟ್ರಾದಲ್ಲಿ ಹೀರಿದ ಹಾಗೆ ನಿಮ್ಮ ಮಾಪ್ ಬಕೆಟ್ಟಿನ ಕೊಳೆ ಕುಡಿಯುವ ಪೈಪಿಗೆ ಸೇರುತ್ತದೆ. ನೀರು ಮರಳಿದಾಗ ಮೊದಲು ಬರುವುದು ಅದೇ.

3. ತೆರೆದಿರುವ ನಲ್ಲಿಗಳನ್ನೆಲ್ಲ ಮುಚ್ಚಿ. ರಾತ್ರಿ ಯಾರೂ ಇಲ್ಲದಾಗ ನೀರು ಬಂದು ಗೋದಾಮಿನ ಸರಕು ನೆನೆಯುವುದು ಈ ಒಂದು ಮರೆವಿನಿಂದಲೇ.

4. ಯಾರೂ ಫ್ಲಶ್ ಮಾಡಬಾರದೆಂದು ಹೇಳಿ. ಫ್ಲಶ್ ಟ್ಯಾಂಕಿನಲ್ಲಿ ಉಳಿದಿರುವ ಒಂದು ಸರ್ತಿಯ ನೀರು ನಿಮಗೆ ಆಮೇಲೆ ಬೇಕಾಗುತ್ತದೆ.

5. ಈಗ ಕಾರಣ ಹುಡುಕಿ. ಅಕ್ಕಪಕ್ಕದವರಿಗೂ ಇಲ್ಲವೇ? ನಿಮ್ಮ ಮೀಟರಿನ ಪಕ್ಕದ ವಾಲ್ವನ್ನು ಯಾರಾದರೂ ಮುಚ್ಚಿದ್ದಾರೆಯೇ? ಮೇಲಿನ ಟ್ಯಾಂಕ್ ಖಾಲಿಯೋ, ಟ್ಯಾಂಕಿನಲ್ಲಿ ನೀರಿದ್ದೂ ಪೈಪಿನಲ್ಲಿ ಗಾಳಿ ಸಿಕ್ಕಿದೆಯೋ? ಒಂದೇ ನಲ್ಲಿಯಲ್ಲಿ ಬರದಿದ್ದರೆ ಅದರ ಬಾಯಿಯ ಜಾಲರಿ ಬಿಚ್ಚಿ ನೋಡಿ.

6. ನೀರು ಸರಬರಾಜು ಮಾಡುವವರನ್ನು ಕೇಳಬೇಕಾದ ಪ್ರಶ್ನೆ ಎರಡು: ಎಷ್ಟು ಹೊತ್ತಾಗಬಹುದು, ನೀರಿನ ಗುಣಮಟ್ಟದ ಬಗ್ಗೆ ಎಚ್ಚರಿಕೆ ಹೊರಡಿಸಿದ್ದೀರಾ. ಎರಡನೆಯದನ್ನು ಕೇಳುವವರು ಕಡಿಮೆ, ನಿಜಕ್ಕೂ ಮುಖ್ಯವಾದದ್ದು ಅದು. ‘ಕುದಿಸಿ ಕುಡಿಯಿರಿ’ ಎಂದರೆ ಸೂಕ್ಷ್ಮಾಣುಗಳ ಅನುಮಾನ. ‘ಕುಡಿಯಬೇಡಿ’ ಎಂದರೆ ಹೆಚ್ಚಾಗಿ ರಾಸಾಯನಿಕದ ಅನುಮಾನ, ಅಂಥ ನೀರನ್ನು ಕುದಿಸಿದರೆ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ. ‘ಬಳಸಲೇಬೇಡಿ’ ಎಂದರೆ ಕೈ ತೊಳೆಯಲೂ ಬಾರದು.

ಗಂಟೆ ಎಷ್ಟೆಂದು ಬರೆದಿಡಿ. ಮುಂದೆ ಇನ್ಸ್‌ಪೆಕ್ಟರ್ ಬಂದು ಕೇಳಿದರೆ, ನೀರು ನಿಂತದ್ದು ಯಾವಾಗ, ನೀವು ಏನು ಮಾಡಿದಿರಿ ಎಂಬ ಒಂದು ಪುಟದ ಟಿಪ್ಪಣಿ ಹತ್ತು ನಿಮಿಷದ ಸಮಜಾಯಿಷಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಯಾವ ಕೆಲಸ ಕೂಡಲೇ ನಿಲ್ಲಬೇಕು

‘ಇನ್ನೊಂದು ಗಂಟೆ ನೋಡೋಣ’ ಎನ್ನುವ ಮಾತು ಕೆಲವು ಕೆಲಸಗಳಿಗೆ ಸಲ್ಲುವುದೇ ಇಲ್ಲ.

ಅಡುಗೆ, ಆಹಾರ ತಯಾರಿಕೆ ಮೊದಲನೆಯದು. ಅಮೆರಿಕದ ಆಹಾರ ಸಂಹಿತೆಯಲ್ಲಿ ನೀರು ನಿಲ್ಲುವುದನ್ನು ಬೆಂಕಿ, ಕೊಚ್ಚೆ ನೀರು ಒಳನುಗ್ಗುವುದು ಇವುಗಳ ಸಾಲಿನಲ್ಲೇ ‘ಆರೋಗ್ಯಕ್ಕೆ ಸನ್ನಿಹಿತ ಅಪಾಯ’ ಎಂದು ಎಣಿಸಿದ್ದಾರೆ. ಕೆಲಸ ನಿಲ್ಲಿಸಬೇಕು, ಅಧಿಕಾರಿಗಳಿಗೆ ತಿಳಿಸಬೇಕು. ಮೊದಲೇ ಬರೆದು ಒಪ್ಪಿಗೆ ಪಡೆದ ತುರ್ತು ಯೋಜನೆ ಇದ್ದವರು ಮಾತ್ರ ಅದರಂತೆ ಮುಂದುವರಿಯಬಹುದು. ನೀರು ನಿಂತ ಮೇಲೆ ಯೋಜನೆ ಬರೆಯಲು ಕೂರುವುದಕ್ಕೆ ಅರ್ಥವಿಲ್ಲ. ಪ್ಯಾಕ್ ಆಗಿ ಬಂದ ಪದಾರ್ಥವನ್ನು ಬಿಚ್ಚದೆ ಹಾಗೆಯೇ ಮಾರುವುದಕ್ಕೂ ತರಕಾರಿ ಹೆಚ್ಚಿ ಬಡಿಸುವುದಕ್ಕೂ ಅಪಾಯದಲ್ಲಿ ಅಜಗಜಾಂತರ.

ಎರಡನೆಯದು ಆಮ್ಲ, ಕ್ಷಾರ, ಬ್ಯಾಟರಿ ದ್ರಾವಣ, ತೀಕ್ಷ್ಣ ಕ್ಲೀನರುಗಳ ಕೆಲಸ. ಕಣ್ಣಿಗೆ ಸಿಡಿದರೆ ತೊಳೆಯಲು ಬೇಕಾದ ನೀರಿನ ಲೆಕ್ಕವನ್ನು ಅಮೆರಿಕದ ಆನ್ಸಿ ಝಡ್358.1 ಮಾನದಂಡ ಸ್ಪಷ್ಟವಾಗಿ ಕೊಡುತ್ತದೆ: ನಿಮಿಷಕ್ಕೆ 1.5 ಲೀಟರಿನಂತೆ ಸತತ 15 ನಿಮಿಷ, 16ರಿಂದ 38 ಡಿಗ್ರಿ ಸೆಲ್ಸಿಯಸ್ ನೀರು, 10 ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರ. ಎಂದರೆ ಸುಮಾರು 23 ಲೀಟರ್. ಗೋಡೆಗೆ ನೇತುಹಾಕಿದ ಒಂದು ಲೀಟರಿನ ಕಣ್ಣು ತೊಳೆಯುವ ಬಾಟಲಿ ಈ ಲೆಕ್ಕದಲ್ಲಿ 40 ಸೆಕೆಂಡಿಗೆ ಮುಗಿದುಹೋಗುತ್ತದೆ. ತನ್ನದೇ ಟ್ಯಾಂಕಿರುವ ಐವಾಶ್ ಘಟಕ ಇಲ್ಲವಾದರೆ ಆ ರಾಸಾಯನಿಕದ ಡಬ್ಬಗಳಿಗೆ ಬೀಗ ಹಾಕಿ. ಇದರಲ್ಲಿ ರಾಜಿ ಬೇಡ.

ಕಲ್ಲು, ಟೈಲ್, ಕಾಂಕ್ರೀಟ್ ಕೊಯ್ಯುವಾಗ ನೀರು ಬಿಡುವುದು ಬ್ಲೇಡ್ ತಣಿಸಲು ಮಾತ್ರವಲ್ಲ, ಸಿಲಿಕಾ ಧೂಳು ಏಳದಿರಲೆಂದು. ಒಣ ಕೊಯ್ದರೆ ಆ ಧೂಳು ನೇರವಾಗಿ ಶ್ವಾಸಕೋಶಕ್ಕೆ. ನೀರಿಲ್ಲದ ದಿನ ಆ ಯಂತ್ರ ಓಡಬಾರದು. ನೀರಿನಿಂದ ತಣಿಯುವ ಕಂಪ್ರೆಸರ್, ವೆಲ್ಡಿಂಗ್ ಯಂತ್ರಗಳದ್ದೂ ಇದೇ ಕಥೆ, ಆದರೆ ಅಲ್ಲಿ ಹಾಳಾಗುವುದು ಯಂತ್ರ.

ಹೇರ್ ಕಟಿಂಗ್, ಹಚ್ಚೆ, ಉಗುರು ಅಲಂಕಾರ, ದಂತ ಚಿಕಿತ್ಸೆಯಂಥ ಮೈ ಮುಟ್ಟುವ ಕೆಲಸಗಳಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೈ ಮತ್ತು ಸಲಕರಣೆ ತೊಳೆಯಲೇಬೇಕು. ಹಚ್ಚೆ, ದಂತದ ಕೆಲಸ ನಿಲ್ಲಲಿ. ಒಣ ಕಟಿಂಗನ್ನು, ಮುಂದೆ ಹೇಳುವ ಕೈ ತೊಳೆಯುವ ವ್ಯವಸ್ಥೆ ನಿಜವಾಗಿ ಇದ್ದರೆ ಮತ್ತು ಪರವಾನಗಿಯ ಅಭ್ಯಂತರವಿಲ್ಲದಿದ್ದರೆ, ನಡೆಸಬಹುದು.

ಇನ್ನೊಂದು ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ: ಕಟ್ಟಡದ ಬೆಂಕಿ ನಂದಿಸುವ ಸ್ಪ್ರಿಂಕ್ಲರುಗಳು ಅದೇ ಕೊಳವೆಯ ಮೇಲಿವೆಯೇ? ಹಾಗಿದ್ದರೆ ಅವೂ ಸತ್ತಿವೆ. ಅಮೆರಿಕದ ಬೆಂಕಿ ಸುರಕ್ಷತಾ ಸಂಘದ ಎನ್‌ಎಫ್‌ಪಿಎ 25 ಮಾನದಂಡದಲ್ಲಿ 24 ಗಂಟೆಯೊಳಗೆ 10 ಗಂಟೆಗಿಂತ ಹೆಚ್ಚು ಸ್ಪ್ರಿಂಕ್ಲರ್ ನಿಂತರೆ ಬೆಂಕಿ ಕಾವಲು ಹಾಕುವುದು, ಬದಲಿ ನೀರು ಒದಗಿಸುವುದು, ಜಾಗ ಖಾಲಿ ಮಾಡಿಸುವುದು ಇಂಥ ಕ್ರಮಗಳಿವೆ. ಅಂದು ವೆಲ್ಡಿಂಗ್, ಗ್ರೈಂಡಿಂಗ್ ಬೇಡ. ಕಟ್ಟಡದ ಮಾಲೀಕರಿಗೆ ಒಂದು ಫೋನ್ ಮಾಡಿ.

ಬಟ್ಟೆ, ಪುಸ್ತಕ, ಮೊಬೈಲ್ ಅಂಗಡಿಗಳು, ಸಾಮಾನ್ಯ ಕಚೇರಿ, ಎಣ್ಣೆ ಗ್ರೀಸಿನ ವರ್ಕ್‌ಶಾಪ್ ಇವೆಲ್ಲ ತಯಾರಿ ಇದ್ದರೆ ಪಾಳಿ ಮುಗಿಸಬಹುದಾದ ಗುಂಪು. ಮುಂದಿನದೆಲ್ಲ ಹೆಚ್ಚಾಗಿ ಅವರಿಗೆ.

ಎಷ್ಟು ನೀರು ಬೇಕು

12 ಜನ, 8 ಗಂಟೆಯ ಪಾಳಿ ಎಂದು ಇಟ್ಟುಕೊಳ್ಳಿ.

ಕುಡಿಯಲು ಒಬ್ಬರಿಗೆ 3 ಲೀಟರಿನಂತೆ 36 ಲೀಟರ್. ಬಿಸಿಲಿನಲ್ಲಿ, ಕುಲುಮೆಯ ಪಕ್ಕ ಕೆಲಸವಿದ್ದರೆ ಗಂಟೆಗೆ ಒಂದು ಲೀಟರಿನವರೆಗೂ ಬೇಕಾಗುತ್ತದೆ. ಕೈ ತೊಳೆಯಲು ದಿನಕ್ಕೆ 6 ಸಲ, ಸಲಕ್ಕೆ ಒಂದು ಲೀಟರ್: 72 ಲೀಟರ್. ಫ್ಲಶ್ಶಿಗೆ ಒಬ್ಬರಿಗೆ 3 ಸಲ, ಸಲಕ್ಕೆ 5 ಲೀಟರ್: 180 ಲೀಟರ್. ಶೌಚದ ನಂತರ ನೀರು ಬಳಸುವವರಿಗೆ ಸಲಕ್ಕೆ ಇನ್ನೊಂದು ಲೀಟರ್: 36. ಒರೆಸಲು, ಶುಚಿಗೊಳಿಸಲು 30. ಒಟ್ಟು 354 ಲೀಟರ್.

ಇಷ್ಟನ್ನೂ ಕ್ಯಾನ್ ನೀರಿನಲ್ಲಿ ತರಬೇಕಿಲ್ಲ. ಕುಡಿಯುವುದಕ್ಕೂ ಕೈಗೂ ಶುದ್ಧ ನೀರೇ ಬೇಕು, ಅದು 108 ಲೀಟರ್. 20 ಲೀಟರಿನ ಕ್ಯಾನ್ 6 ಇದ್ದರೆ ಆಯಿತು. ಮೈಗೆ ಬಳಸುವ, ಒರೆಸುವ ನೀರು ತಿಳಿಯಾಗಿದ್ದು ಕ್ಲೋರಿನ್ ಹಾಕಿದ್ದರೆ ಸಾಕು. ಫ್ಲಶ್ಶಿಗೆ ಮಳೆ ನೀರು, ಬಾವಿ ನೀರು, ಏರ್ ಕಂಡಿಷನರಿನಿಂದ ತೊಟ್ಟಿಕ್ಕಿದ ನೀರು ಯಾವುದಾದರೂ ಆದೀತು. ಕೈ ತೊಳೆದ 72 ಲೀಟರ್ ಎಲ್ಲಿ ಹೋಗುತ್ತದೆ? ಕೆಳಗಿನ ಬಕೆಟ್ಟಿಗೆ. ಆ ಬಕೆಟ್ಟನ್ನು ಕಮೋಡಿಗೆ ಸುರಿದರೆ ಫ್ಲಶ್ಶಿನ ಬೇಡಿಕೆ 180ರಿಂದ 108ಕ್ಕೆ ಇಳಿಯಿತು. ಇದೊಂದು ಜೋಡಣೆ ಕೂಡಿಬಂದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಮೂರು ಬಗೆಯ ನೀರಿಗೂ ಪಾತ್ರೆ ಬೇರೆ ಬೇರೆ ಇರಲಿ, ಬಣ್ಣವೂ ಬೇರೆ ಇರಲಿ, ಮೇಲೆ ದಪ್ಪ ಅಕ್ಷರದಲ್ಲಿ ‘ಕುಡಿಯಲು’, ‘ಕೈಗೆ’, ‘ಕುಡಿಯಬಾರದು, ಫ್ಲಶ್ ಮಾತ್ರ’ ಎಂದು ಬರೆಯಿರಿ. ಮಗ್ ಕೂಡ ಬೇರೆ. ಫ್ಲಶ್ ಡ್ರಮ್ಮಿನ ಮಗ್ಗು ಕೈ ತೊಳೆಯುವ ನೀರಿಗೆ ಬಿದ್ದರೆ ಆ ಪಾತ್ರೆಯನ್ನು ಫ್ಲಶ್ ಗುಂಪಿಗೆ ಇಳಿಸಬೇಕು, ತೊಳೆಯದೆ ಮೇಲಿನ ಗುಂಪಿಗೆ ಏರಿಸುವಂತಿಲ್ಲ. 200 ಲೀಟರಿನ ಡ್ರಮ್ ತುಂಬಿದ ಮೇಲೆ 200 ಕಿಲೋ ತೂಗುತ್ತದೆ, ಅಲುಗಿಸಲಾಗದು. ಎಲ್ಲಿ ಬೇಕೋ ಅಲ್ಲಿಟ್ಟೇ ತುಂಬಿ.

ಕೈ ತೊಳೆಯುವ ಜಾಗ ಕಟ್ಟುವುದು

ಬಕೆಟ್ಟಿನಲ್ಲಿ ಎಲ್ಲರೂ ಕೈ ಅದ್ದಿ ತೊಳೆಯುವುದು ತೊಳೆಯುವುದಲ್ಲ. ಮೊದಲನೆಯವರ ಕೈ ಕೊಳೆ ಹನ್ನೆರಡನೆಯವರಿಗೆ ಹಂಚಿಕೆಯಾಗುತ್ತದೆ, ಅಷ್ಟೆ. ನೀರು ಮೇಲಿಂದ ಬಿದ್ದು ಕೆಳಗೆ ಹೋಗಬೇಕು.

ಬೇಕಾದ ಸಾಮಾನು: ಬುಡದಲ್ಲಿ ನಲ್ಲಿಯಿರುವ 20 ಲೀಟರಿನ ಮುಚ್ಚಳದ ಡಬ್ಬ, ಕೆಳಗಿಡಲು 25 ಲೀಟರಿನ ಬಕೆಟ್, ಗಟ್ಟಿ ಮೇಜು, ಪಂಪ್ ಬಾಟಲಿಯ ಸಾಬೂನು, ಕಾಗದದ ಟವೆಲ್, ಮುಚ್ಚಳವಿರುವ ಕಸದ ಬುಟ್ಟಿ. ಕೆಳಗಿನ ಬಕೆಟ್ ಮೇಲಿನ ಡಬ್ಬಕ್ಕಿಂತ ದೊಡ್ಡದಿರಲೇಬೇಕು. ಆಗ ಅದನ್ನು ಖಾಲಿ ಮಾಡಲು ಮರೆತರೂ ನೆಲಕ್ಕೆ ಚೆಲ್ಲುವುದಿಲ್ಲ. ಮೇಲಿನ ಡಬ್ಬ ತುಂಬುವ ಹೊತ್ತಿಗೆಲ್ಲ ಕೆಳಗಿನದನ್ನು ಖಾಲಿ ಮಾಡುವುದು ರೂಢಿಯಾಗಲಿ.

ನಲ್ಲಿಯ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ನೀರಿನ ಡಿಸ್ಪೆನ್ಸರಿನಲ್ಲಿರುವ ಒತ್ತಿ ಹಿಡಿಯುವ ನಲ್ಲಿ ಇಲ್ಲಿ ನಿರುಪಯೋಗಿ: ಒಂದು ಕೈ ಅದನ್ನು ಹಿಡಿದಿರಬೇಕು, ಎರಡು ಕೈ ಉಜ್ಜುವುದು ಹೇಗೆ? ಕಾಲು ಸುತ್ತು ತಿರುಗಿಸಿದರೆ ತೆರೆದೇ ಉಳಿಯುವ, ಉದ್ದ ಹಿಡಿಯ ನಲ್ಲಿ ಹಾಕಿಸಿ. ಮೊಣಕೈಯಿಂದ ಮುಚ್ಚಬಹುದು.

ಹರಿವನ್ನು ಅಳೆದು ಹೊಂದಿಸಿ. ಒಂದು ಲೀಟರಿನ ಬಾಟಲಿ 30 ಸೆಕೆಂಡಿನಲ್ಲಿ ತುಂಬುವಷ್ಟು ನಲ್ಲಿ ತೆರೆದು, ಹಿಡಿ ನಿಲ್ಲಬೇಕಾದ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. 5 ಸೆಕೆಂಡು ಒದ್ದೆ ಮಾಡಿ, ನಲ್ಲಿ ಮುಚ್ಚಿ, 20 ಸೆಕೆಂಡು ಸಾಬೂನಿನಲ್ಲಿ ಬೆರಳ ಸಂದು, ಹೆಬ್ಬೆರಳು, ಉಗುರಿನಡಿ ಉಜ್ಜಿ, 15 ಸೆಕೆಂಡು ತೊಳೆದರೆ ಮುಕ್ಕಾಲು ಲೀಟರಿನೊಳಗೆ ಕೆಲಸ ಮುಗಿಯುತ್ತದೆ. ಒಂದು ಡಬ್ಬಕ್ಕೆ 25 ಕೈತೊಳೆತ ಎಂದು ಲೆಕ್ಕ ಇಟ್ಟುಕೊಳ್ಳಿ.

ಹತ್ತನೆಯವರ ಹೊತ್ತಿಗೆ ನೀರು ಗುಳುಗುಳು ಎಂದು ನಿಂತರೆ ನಲ್ಲಿ ಕೆಟ್ಟಿಲ್ಲ. ಮುಚ್ಚಳ ಬಿಗಿಯಾಗಿ, ಗಾಳಿ ಒಳಹೋಗಲು ದಾರಿಯಿಲ್ಲ. ಮುಚ್ಚಳ ಅರ್ಧ ಸುತ್ತು ಸಡಿಲಿಸಿ ಅಥವಾ ಅದರಲ್ಲಿ ಮೊಳೆಯಿಂದ ಸಣ್ಣ ತೂತು ಮಾಡಿ.

ಬಟ್ಟೆಯ ಟವೆಲ್ ಒಂದನ್ನೇ ನೇತುಹಾಕಬೇಡಿ. ಅಮೆರಿಕದ ನಿಯಮವೂ ಒಬ್ಬರಿಗೊಂದು ಎಂಬಂತೆ ಟವೆಲ್ ಇಲ್ಲವೇ ಗಾಳಿಯಿಂದ ಕೈ ಒಣಗಿಸುವ ಯಂತ್ರ ಕೇಳುತ್ತದೆ. ಒದ್ದೆ ಕೈ ಒಣ ಕೈಗಿಂತ ಸುಲಭವಾಗಿ ಸೂಕ್ಷ್ಮಾಣುಗಳನ್ನು ಎತ್ತಿಕೊಳ್ಳುತ್ತದೆ, ಹಾಗಾಗಿ ಒರೆಸಿಕೊಳ್ಳುವುದು ತೊಳೆಯುವ ಕೆಲಸದ ಭಾಗವೇ ಹೊರತು ಅದರ ನಂತರದ ಶೋಕಿಯಲ್ಲ.

ಸ್ಯಾನಿಟೈಸರ್ ವಿಷಯ. ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರುವುದು, ಕಣ್ಣಿಗೆ ಕಾಣುವ ಕೊಳೆಯಿಲ್ಲದ ಕೈಗೆ ಒಳ್ಳೆಯದೇ. ಆದರೆ ಗ್ರೀಸು, ಮಣ್ಣು, ಎಣ್ಣೆ ಮೆತ್ತಿದ ಕೈಯಲ್ಲಿ ಅದು ಕೊಳೆಯ ಮೇಲೆ ಸವರಿದ ಇನ್ನೊಂದು ಪದರ. ವಾಂತಿ ಭೇದಿ ತರುವ ನೊರೊವೈರಸ್ ಮೇಲೆ ಅದರ ಪರಿಣಾಮ ಅಷ್ಟಕ್ಕಷ್ಟೆ. ಸೀಸ, ಕೀಟನಾಶಕ, ಬಣ್ಣದಂಥವನ್ನು ಅದು ತೆಗೆಯುವುದೇ ಇಲ್ಲ. ಆದ್ದರಿಂದ ಶೌಚಾಲಯದಿಂದ ಬಂದ ಮೇಲೆ, ಊಟಕ್ಕೆ ಮುಂಚೆ ಸಾಬೂನು ನೀರು ಕಡ್ಡಾಯ. ಗಲ್ಲಾಪೆಟ್ಟಿಗೆಯಲ್ಲಿ ನೋಟು ಎಣಿಸಿದ ಮೇಲೆ ಸ್ಯಾನಿಟೈಸರ್ ಸಾಕು. ಗ್ರೀಸ್ ಕೈಗೆ ನೀರಿಲ್ಲದೆ ಬಳಸುವ ಹ್ಯಾಂಡ್ ಕ್ಲೀನರ್ ಕ್ರೀಮ್ ಹಚ್ಚಿ ಕಾಗದದಿಂದ ಒರೆಸಿ, ನಂತರ ಸಾಬೂನಿಗೆ ಬನ್ನಿ, ನೀರು ಅರ್ಧ ಉಳಿಯುತ್ತದೆ. ಪೆಟ್ರೋಲ್, ಥಿನ್ನರಿನಿಂದ ಕೈ ತೊಳೆಯುವ ಹಳೆಯ ಚಾಳಿಗೆ ಇಂಥ ದಿನಗಳಲ್ಲಿ ಮರುಜೀವ ಬರುತ್ತದೆ. ಅವು ಚರ್ಮದ ಜಿಡ್ಡನ್ನು ಕಿತ್ತು ಒಳಕ್ಕೂ ಇಳಿಯುತ್ತವೆ, ತಡೆಯಿರಿ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗುವ ಮೊದಲು ವೆಲ್ಡಿಂಗ್ ಟಾರ್ಚ್ ಹಿಡಿಯಬಾರದು ಎಂಬುದನ್ನೂ ಹೇಳಿಡಿ.

ಶೌಚಾಲಯ

ಎಷ್ಟು ಶೌಚಾಲಯ ಚಾಲೂ ಇರಬೇಕು? ಅಮೆರಿಕದ ಪಟ್ಟಿಯಲ್ಲಿ 15 ಜನರವರೆಗೆ 1, 35ರವರೆಗೆ 2, 55ರವರೆಗೆ 3. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ 5 ಜನರವರೆಗೆ 1, 25ರವರೆಗೆ 2, 50ರವರೆಗೆ 3. ಇದಕ್ಕಿಂತ ಹೆಚ್ಚಿದ್ದರೆ ಉಳಿದವಕ್ಕೆ ಬೀಗ ಹಾಕಿ. ನಾಲ್ಕು ಕಡೆ ನೀರು ಹೊರುವ ಬದಲು ಎರಡು ಕಡೆ ಹೊತ್ತು ಅವನ್ನು ಚೊಕ್ಕಟವಾಗಿಡುವುದು ಲೇಸು. ಗಿರಾಕಿಗಳ ಶೌಚಾಲಯವನ್ನು ಮುಚ್ಚಲು ನಿಮ್ಮ ಪರವಾನಗಿ ಬಿಡುತ್ತದೆಯೇ ನೋಡಿಕೊಳ್ಳಿ.

ಕಮೋಡಿಗೆ ನೀರು ಸುರಿಯುವುದಕ್ಕೂ ಒಂದು ರೀತಿಯಿದೆ. ಫ್ಲಶ್ ಟ್ಯಾಂಕಿಗಲ್ಲ, ನೇರವಾಗಿ ಬಟ್ಟಲಿಗೆ, ಸೊಂಟದ ಎತ್ತರದಿಂದ, 4 ಲೀಟರನ್ನು ಮೂರು ಸೆಕೆಂಡಿನೊಳಗೆ ಒಮ್ಮೆಲೇ ಸುರಿಯಿರಿ. ಉಳಿದ ಒಂದು ಲೀಟರನ್ನು ನಿಧಾನವಾಗಿ ಹಾಕಿ. ಕಮೋಡಿನ ಹಿಂದಿನ ಬಾಗಿದ ಕೊಳವೆ ಪೂರ್ತಿ ತುಂಬಿದಾಗ ಮಾತ್ರ ಸೆಳೆತ ಹುಟ್ಟಿ ಎಲ್ಲವನ್ನೂ ಎಳೆದೊಯ್ಯುತ್ತದೆ. ಮಗ್ಗಿನಲ್ಲಿ ಚೂರು ಚೂರು ಹಾಕಿದರೆ ಹತ್ತು ಲೀಟರ್ ಹೋದರೂ ಕೊಳವೆ ತುಂಬದೆ ನೀರು ಬರೀ ಅಂಚಿನಿಂದ ಜಾರಿಹೋಗುತ್ತದೆ, ಇದ್ದದ್ದು ಇದ್ದಲ್ಲೇ ಇರುತ್ತದೆ. ಕೊನೆಯ ಒಂದು ಲೀಟರ್ ವಾಸನೆ ತಡೆಯುವ ನೀರಿನ ಮುಚ್ಚಳ ಮತ್ತೆ ಕೂರಲೆಂದು. ಕುಕ್ಕರಗಾಲಿನ ಪ್ಯಾನ್ ಆದರೆ 2–3 ಲೀಟರ್ ಸಾಕು.

ಕೈ ತೊಳೆದ ಸಾಬೂನು ನೀರನ್ನು ಫ್ಲಶ್ ಟ್ಯಾಂಕಿಗೆ ತುಂಬಬೇಡಿ. ಅದರೊಳಗಿನ ಮರಳು, ಜಿಡ್ಡು ರಬ್ಬರ್ ವಾಷರಿನಡಿ ಕೂತು ನೀರು ಮರಳಿದ ಮೇಲೂ ಟ್ಯಾಂಕ್ ಸೋರುತ್ತಿರುತ್ತದೆ. ಎಣ್ಣೆ, ಪೇಂಟ್, ಥಿನ್ನರ್ ಬೆರೆತ ನೀರನ್ನು ಕಮೋಡಿಗೂ ಹಾಕುವಂತಿಲ್ಲ, ಅದನ್ನು ಬೇರೆ ಕ್ಯಾನಿನಲ್ಲಿಡಿ.

ಸುರಿಯುವ ಮೊದಲು ಚರಂಡಿ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಕೊಳಚೆಯನ್ನು ಪಂಪಿನಿಂದ ಎತ್ತುವ ಕಟ್ಟಡದಲ್ಲಿ ಕರೆಂಟೂ ಹೋಗಿದ್ದರೆ, ಮೇಲಿನವರು ಸುರಿದದ್ದು ಕೆಳಗಿನ ಮಹಡಿಯ ನೆಲದ ಜಾಲರಿಯಿಂದ ಮೇಲೇಳುತ್ತದೆ.

ಮೂತ್ರಕ್ಕೆ ಪ್ರತಿ ಸಲ ಫ್ಲಶ್ ಬೇಡವೆಂಬ ನಿಯಮ ಮಾಡುವವರಿದ್ದಾರೆ. ಎರಡು ಮೂರು ಗಂಟೆಯ ಮಟ್ಟಿಗೆ ನಡೆದೀತು. ಆದರೆ ‘ನೀರು ಕುಡಿಯುವುದು ಕಡಿಮೆ ಮಾಡಿ’, ‘ತಡೆದುಕೊಳ್ಳಿ’ ಎಂಬ ಮಾತು ಬಾಯಲ್ಲಿ ಬರಕೂಡದು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಇಂಥ ಮಾತಿಗೆ ಮೊದಲು ಬಲಿಯಾಗುವವರು, ಮತ್ತು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಸ್ಯಾನಿಟರಿ ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ, ಪಕ್ಕದಲ್ಲಿ ತುಂಬಿದ ಮಗ್ ಇರಲಿ.

ಪಕ್ಕದ ಅಂಗಡಿಯ ಶೌಚಾಲಯ ಬಳಸುವುದಾದರೆ ಅವರ ಒಪ್ಪಿಗೆ ಒಂದು ಸಾಲಿನಲ್ಲಾದರೂ ಬರಹದಲ್ಲಿರಲಿ, ನಡೆದು ಐದು ನಿಮಿಷಕ್ಕಿಂತ ದೂರವಿರದಿರಲಿ, ನಿಮ್ಮ ಪಾಳಿ ಮುಗಿಯುವ ತನಕ ಅದು ತೆರೆದಿರುತ್ತದೆಯೇ ಎಂದು ಕೇಳಿ. ರಾತ್ರಿ ಎಂಟಕ್ಕೆ ಅವರು ಬಾಗಿಲು ಹಾಕಿ ನಿಮ್ಮವರು ಹನ್ನೊಂದರವರೆಗೆ ಕೆಲಸ ಮಾಡಿದರೆ ಆ ಒಪ್ಪಂದದಿಂದ ಉಪಯೋಗವಿಲ್ಲ. ಎರಡನೆಯ ದಿನಕ್ಕೂ ನೀರು ಬರದೆಂದು ತಿಳಿದರೆ ಬಾಡಿಗೆಗೆ ಸಂಚಾರಿ ಶೌಚಾಲಯ ತರಿಸಿ. ಒಳಗಿಂದ ಚಿಲಕ, ರಾತ್ರಿಗೆ ದೀಪ, ಪಕ್ಕದಲ್ಲೇ ಕೈ ತೊಳೆಯುವ ಡಬ್ಬ ಮೂರೂ ಬೇಕು.

ಕುಡಿಯುವ ನೀರು

ಸೀಲ್ ಇರುವ ಕ್ಯಾನ್ ಸುಲಭದ ದಾರಿ. ಟ್ಯಾಂಕರಿನ, ತೊಟ್ಟಿಯ ನೀರನ್ನೇ ಕುಡಿಯಬೇಕಾದರೆ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಸಮುದ್ರ ಮಟ್ಟದಿಂದ 2000 ಮೀಟರಿಗಿಂತ ಎತ್ತರದ ಜಾಗಗಳಲ್ಲಿ ಮೂರು ನಿಮಿಷ. ಕುದಿಸಲಾಗದಿದ್ದರೆ 5ರಿಂದ 6 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ, ಸುವಾಸನೆ ಬೆರೆಸದ ಸಾದಾ ಬ್ಲೀಚ್ ಲೀಟರಿಗೆ 2 ಹನಿ, 20 ಲೀಟರಿಗೆ 2 ಮಿಲಿ. ಕಲಕಿ 30 ನಿಮಿಷ ಬಿಡಿ. ನೀರು ಕಲಕಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಪ್ರಮಾಣ ಇಮ್ಮಡಿ ಮಾಡಿ. ಅರ್ಧ ಗಂಟೆಯ ನಂತರ ಸಣ್ಣಗೆ ಕ್ಲೋರಿನ್ ವಾಸನೆ ಇರಬೇಕು. ಇಲ್ಲದಿದ್ದರೆ ಹಾಕಿದ್ದೆಲ್ಲ ಕೊಳೆಯ ಜತೆ ಹೋರಾಡಿ ಮುಗಿದಿದೆ ಎಂದರ್ಥ. ಮತ್ತೊಮ್ಮೆ ಅಷ್ಟೇ ಹಾಕಿ ಕಾಯಿರಿ, ಆಗಲೂ ವಾಸನೆ ಇಲ್ಲವೆಂದರೆ ಆ ನೀರು ಫ್ಲಶ್ಶಿಗೆ.

ಲೋಟ ಅದ್ದಿ ತೆಗೆಯುವ ಪಾತ್ರೆ ಬೇಡ, ನಲ್ಲಿಯಿರುವುದೇ ಇರಲಿ. ಲೋಟ ಒಬ್ಬರಿಗೊಂದು, ಹೆಸರು ಬರೆದು.

ಒರೆಸುವುದು, ಸೋಂಕು ಕಳೆಯುವುದು

ಕೊಳೆಯ ಮೇಲೆ ಬ್ಲೀಚ್ ಹಾಕಿದರೆ ಅದು ಕೊಳೆಯಲ್ಲೇ ಖರ್ಚಾಗುತ್ತದೆ. ಮೊದಲು ಸಾಬೂನು ನೀರಿನಲ್ಲಿ ಒರೆಸಿ, ಆಮೇಲೆ ಬ್ಲೀಚ್. 5 ಶೇಕಡಾ ಬ್ಲೀಚಿನ ಅಳತೆ ಹೀಗೆ: ಆಹಾರ ತಾಗುವ ಮೇಜಿಗೆ ಲೀಟರಿಗೆ 2 ಮಿಲಿ, ಅದು 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್). ಕಮೋಡಿನ ಸೀಟು, ಚಿಲಕ, ನಲ್ಲಿಯ ಹಿಡಿಗೆ ಲೀಟರಿಗೆ 20 ಮಿಲಿ, 1000 ಪಿಪಿಎಂ. ವಾಂತಿ, ಭೇದಿ ಬಿದ್ದ ಜಾಗಕ್ಕೆ ಲೀಟರಿಗೆ 100 ಮಿಲಿ, 5000 ಪಿಪಿಎಂ. ದ್ರವದ ಬದಲು 30 ಶೇಕಡಾ ಕ್ಲೋರಿನ್ನಿನ ಬ್ಲೀಚಿಂಗ್ ಪೌಡರ್ ಇದ್ದರೆ 20 ಲೀಟರಿಗೆ 67 ಗ್ರಾಂ ಹಾಕಿದಾಗ 1000 ಪಿಪಿಎಂ ಆಗುತ್ತದೆ. ಕಲಕಿ, ಸುಣ್ಣದಂಥ ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಳಸಿ. ಹಚ್ಚಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಬೇಡಿ: ಆಹಾರದ ಮೇಜಿಗೆ ಕನಿಷ್ಠ ಒಂದು ನಿಮಿಷ, ಉಳಿದವಕ್ಕೆ ಐದು ನಿಮಿಷ ಒದ್ದೆಯಾಗಿರಲಿ. ಬೆರೆಸಿದ ದ್ರಾವಣ ಒಂದು ದಿನಕ್ಕೆ, ನಾಳೆಗೆ ಹೊಸದು. ಪೌಡರ್ ಪೊಟ್ಟಣ ಒಡೆದು ತಿಂಗಳುಗಟ್ಟಲೆ ಇಟ್ಟಿದ್ದರೆ ಅದರ ಶಕ್ತಿ ಎಂದೋ ಹಾರಿಹೋಗಿರುತ್ತದೆ. ಕ್ಲೋರಿನ್ ಅಳೆಯುವ ಕಾಗದದ ಪಟ್ಟಿ ಇಟ್ಟುಕೊಂಡರೆ ಊಹಿಸುವ ಪ್ರಮೇಯ ಬರುವುದಿಲ್ಲ.

ನೀರು ಕಡಿಮೆ ಇರುವ ದಿನ ಶೌಚಾಲಯದ ವಾಸನೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುವ ಆತುರ ಬರುತ್ತದೆ. ಬ್ಲೀಚಿಗೆ ಆಮ್ಲದ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೀನ್. ಮುಚ್ಚಿದ ಸಣ್ಣ ಕೋಣೆಯಲ್ಲಿ ಎರಡೂ ಪ್ರಾಣಾಪಾಯ. ಎಂದಿನಂತೆ ನೀರು ಸುರಿದು ತೆಳುಮಾಡಲು ಇಂದು ನೀರೂ ಇಲ್ಲ. ಒಂದೇ ರಾಸಾಯನಿಕ, ಒಬ್ಬರೇ ಜವಾಬ್ದಾರರು.

ಎರಡು ಗಂಟೆಗೊಮ್ಮೆ ಶೌಚಾಲಯ ನೋಡಿ ಸಹಿ ಹಾಕುವ ಹಾಳೆ ಬಾಗಿಲ ಹಿಂದೆ ಅಂಟಿಸಿ. ವಾಷ್‌ಬೇಸಿನ್ ಮತ್ತು ನೆಲದ ಜಾಲರಿಗಳಿಗೆ ದಿನಕ್ಕೊಮ್ಮೆ ಅರ್ಧ ಲೀಟರ್ ನೀರು ಹಾಕದಿದ್ದರೆ ಅವುಗಳ ಬಾಗು ಒಣಗಿ ಚರಂಡಿಯ ಗಾಳಿ, ಜಿರಳೆ ಎರಡೂ ಒಳಬರುತ್ತವೆ.

ನೀರು ಮರಳಿ ಬಂದಾಗ

ಇಲ್ಲಿ ಮಾಡುವ ಅವಸರವೇ ಹೆಚ್ಚು ದುಬಾರಿ. ಕೊಳವೆಯ ಒಳಗೋಡೆಯ ತುಕ್ಕು, ಕೆಸರು ಮೊದಲ ಒತ್ತಡಕ್ಕೆ ಕಿತ್ತು ಬರುತ್ತದೆ.

ಫಿಲ್ಟರ್, ಐಸ್ ಯಂತ್ರ, ಕಾಫಿ ಯಂತ್ರ, ಗೀಸರ್ ಇವುಗಳ ಒಳಬರುವ ವಾಲ್ವುಗಳನ್ನು ಮುಚ್ಚಿಯೇ ಇಡಿ. ನಲ್ಲಿ ಬಾಯಿಯ ಜಾಲರಿಗಳನ್ನು ಬಿಚ್ಚಿ. ಕೆಳ ಮಹಡಿಯ, ಮೀಟರಿಗೆ ಹತ್ತಿರದ ತಣ್ಣೀರಿನ ನಲ್ಲಿಯನ್ನು ಅರ್ಧ ತೆರೆಯಿರಿ. ಗಾಳಿ ಕೆಮ್ಮುತ್ತ ಹೊರಹೋಗಲು ಬಿಡಿ, ಒಮ್ಮೆಲೇ ಪೂರ್ತಿ ತೆರೆದರೆ ನೀರಿನ ಬಡಿತಕ್ಕೆ ಜಾಯಿಂಟುಗಳು ಸಡಿಲವಾಗುತ್ತವೆ. ಹೀಗೆ ಒಂದೊಂದಾಗಿ ದೂರದ ನಲ್ಲಿಗಳ ಕಡೆ ಸಾಗಿ, ಪ್ರತಿಯೊಂದನ್ನೂ ಕನಿಷ್ಠ 5 ನಿಮಿಷ, ಬಣ್ಣ ತಿಳಿಯಾಗುವ ತನಕ ಬಿಡಿ. ತಣ್ಣೀರು ತಿಳಿಯಾದ ಮೇಲೆ ಗೀಸರಿನ ವಾಲ್ವ್ ತೆರೆದು ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದ ಧಾರೆ ಬಂದ ನಂತರವೇ ಸ್ವಿಚ್ ಹಾಕಿ. 150 ಲೀಟರಿನ ಗೀಸರ್ ಆದರೆ ಹಳೆಯ ನೀರು ಹೋಗಲು 15 ನಿಮಿಷ ಹರಿಸಬೇಕು, ಅದರ ಎರಡರಷ್ಟು ದೊಡ್ಡದಾದರೆ 30.

ಹೊರಬಂದ ಕಂದು ನೀರನ್ನು ಚೆಲ್ಲಬೇಡಿ, ಫ್ಲಶ್ ಡ್ರಮ್ಮಿಗೆ ಹಿಡಿದಿಡಿ. ಮತ್ತೆ ನಿಂತರೂ ನಿಂತೀತು.

ಐಸ್ ಯಂತ್ರದಲ್ಲಿದ್ದ ಐಸನ್ನೆಲ್ಲ ಎಸೆದು, ಒಳಗೆ ಸೋಂಕು ಕಳೆದು, ಮೊದಲ ಮೂರು ಸರ್ತಿಯ ಐಸನ್ನೂ ಎಸೆಯಿರಿ. ಫಿಲ್ಟರ್ ಕಾರ್ಟ್ರಿಜ್ ಬದಲಿಸಿ. ‘ಕುದಿಸಿ ಕುಡಿಯಿರಿ’ ಎಚ್ಚರಿಕೆ ಇದ್ದರೆ ಅದನ್ನು ಹಿಂತೆಗೆದುಕೊಂಡ ಮೇಲೆಯೇ ಈ ಕೆಲಸಗಳು. ನೀರು ಬಂದಿದೆ ಎನ್ನುವುದು ನೀರು ಸರಿಯಿದೆ ಎನ್ನುವುದಲ್ಲ. ನಿಮ್ಮದೇ ಟ್ಯಾಂಕಿಗೆ ಕೊಳಕು ನೀರು ಬಿದ್ದಿದ್ದರೆ ಖಾಲಿ ಮಾಡಿ ಉಜ್ಜಿ, ಮತ್ತೆ ತುಂಬಿ, 1000 ಲೀಟರಿಗೆ ಒಂದು ಲೀಟರ್ 5 ಶೇಕಡಾ ಬ್ಲೀಚ್ ಹಾಕಿ ಒಂದು ಗಂಟೆ ಬಿಟ್ಟು, ಪೂರ್ತಿ ಚೆಲ್ಲಿ, ತಾಜಾ ನೀರಿನಿಂದ ತೊಳೆಯಿರಿ. ಆ ಒಂದು ಗಂಟೆ ಎಲ್ಲ ನಲ್ಲಿಗಳ ಮೇಲೂ ‘ಬಳಸಬೇಡಿ’ ಚೀಟಿ ಇರಲಿ.

ಕೊನೆಗೆ ಐವಾಶ್ ನಲ್ಲಿಯನ್ನೂ ಹರಿಸಿ ನೋಡಿ. ಕೊಳವೆಯ ತುಕ್ಕು ಅದರಲ್ಲೂ ಕೂತಿರುತ್ತದೆ, ಆಸಿಡ್ ಬಿದ್ದ ಕಣ್ಣಿಗೆ ಮೊದಲು ತಾಗುವುದು ಅದೇ ಆಗಬಾರದು. ಸ್ಪ್ರಿಂಕ್ಲರಿನ ವಾಲ್ವ್ ತೆರೆದಿದೆ, ಒತ್ತಡದ ಮುಳ್ಳು ಎಂದಿನ ಜಾಗಕ್ಕೆ ಬಂದಿದೆ ಎಂದು ಕಣ್ಣಾರೆ ಕಂಡ ಮೇಲೆ ಬೆಂಕಿ ಕಾವಲನ್ನು ತೆಗೆಯಿರಿ. ಕೈ ತೊಳೆಯುವ ಡಬ್ಬವನ್ನು ತೊಳೆದು, ಮುಚ್ಚಳ ತೆರೆದು ಪೂರ್ತಿ ಒಣಗಿಸಿ, ನಲ್ಲಿಯ ಗೆರೆ ಅಳಿಸದೆ, ಸಾಬೂನು, ಕಾಗದ, ಚೀಟಿಗಳ ಜತೆ ಒಂದೇ ಕಡೆ ಎತ್ತಿಡಿ. ಬ್ಲೀಚಿಗೆ ಮಾತ್ರ ಕೊಂಡ ತಾರೀಕು ಬರೆದು ಆರು ತಿಂಗಳಿಗೊಮ್ಮೆ ಬದಲಿಸಿ.